ವೈಫೈಗೆ ಮುಚ್ಚಳ ಹಾಕಿದ ಭಾವ

ಮುಂಬಯಿಯಲ್ಲಿ ವೈಫೈ ಇಲ್ಲದ ಮನೆ ಒಂದೆರಡು ಸಿಕ್ಕೀತು. ಆದರೆ ವೈಫೈಯನ್ನು ಸ್ಟೀಲ್ ಡಬ್ಬಿಯೊಳಗಿಟ್ಟು, ಮುಚ್ಚಳ ಬಿಗಿದು, ಅದರ ಮೇಲೆ ಮಡಚಿದ ಟವೆಲನ್ನೂ ಹೊದೆಸಿದ ಮನೆ ನೋಡಬೇಕಾದರೆ ನೀವು ಮುಲುಂಡಿಗೇ ಬರಬೇಕು, ನಮ್ಮ ಭಾವನ ಬಾಗಿಲನ್ನೇ ತಟ್ಟಬೇಕು!

ಭಾವನ ಪ್ರಕಾರ ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಮುಂಬಯಿಯ ಫೋರ್ಟ್ ಪೇಟೆಯ ಒಂದು ಉಡುಪಿ ಹೋಟೆಲಿನ ಅಡುಗೆಮನೆಯನ್ನು ನಲವತ್ತು ವರ್ಷ ಆಳಿದವರು ಅವರು. ಅಲ್ಲಿ ಸಾಂಬಾರಿನ ಹಂಡೆಯಿಂದ ಸಾಸಿವೆಯ ಕರಡಿಗೆಯವರೆಗೆ ಬಾಯಿ ತೆರೆದ ಪಾತ್ರೆ ಒಂದೂ ಇರುತ್ತಿರಲಿಲ್ಲ. “ಮುಚ್ಚದೆ ಇಟ್ಟದ್ದಕ್ಕೆ ನನ್ನನ್ನು ಕೇಳಬೇಡಿ” ಎನ್ನುವುದು ಅವರ ಕಾನೂನು. ಸಾಂಬಾರಿಗೆ ಅನ್ವಯಿಸುವ ಕಾನೂನು ಇಂಟರ್ನೆಟ್ಟಿಗೆ ಯಾಕೆ ಅನ್ವಯಿಸಬಾರದು?

ಅವರು ನನ್ನ ಅಕ್ಕನ ಗಂಡ. ನನ್ನನ್ನು ಊರಿನಿಂದ ಕರೆತಂದು ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದವರು, ಕನ್ನಡ ರಾತ್ರಿಶಾಲೆಗೆ ಸೇರಿಸಿ ಎಸ್.ಎಸ್.ಸಿ. ಪಾಸು ಮಾಡಿಸಿದವರು. ಈಗ ಇಬ್ಬರೂ ನಿವೃತ್ತರು. ಒಂದೇ ಬಿಲ್ಡಿಂಗಿನಲ್ಲಿ ಅವರು ಎರಡನೆಯ ಮಾಳಿಗೆ, ನಾನು ಮೂರನೆಯ ಮಾಳಿಗೆ. ಅಂಥ ಉಪಕಾರಿಯ ಕುರಿತು ನಗುತ್ತ ಬರೆಯಬಹುದೇ? ಬರೆಯಬಾರದು. ಆದರೆ ಈ ಬರಹದಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳುವುದಿದೆ. ನಗದೆ ಅಲ್ಲಿಯವರೆಗೆ ಹೋಗುವ ಧೈರ್ಯ ನನಗಿಲ್ಲ.

ಎರಡು ವರ್ಷದ ಹಿಂದೆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಶನ್ ಆಯಿತು. ಆದರೆ ಮಂಚದಿಂದ ಕಿಟಕಿಯ ಬಳಿಯ ಕುರ್ಚಿಯವರೆಗೆ ಹೋಗಿಬರುವುದೇ ಅವಳ ದೊಡ್ಡ ಪ್ರಯಾಣವಾಯಿತು. ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಮುಲುಂಡಿನ ಮಾರ್ಕೆಟ್ಟನ್ನು ದಿನಕ್ಕೆ ಎರಡು ಸಲ ತಪಾಸಣೆ ಮಾಡಿ ಬರುತ್ತಿದ್ದ ಹೆಂಗಸು ಅವಳು. ಅವಳು ಮಾರ್ಕೆಟ್ಟಿಗೆ ಹೋಗಲಾರಳಾದರೆ ಮಾರ್ಕೆಟ್ಟೇ ಅವಳಲ್ಲಿಗೆ ಬರಲಿ ಎಂದು ಭಾವ ಪ್ರತಿದಿನ ಬೆಳಿಗ್ಗೆ ಫೋನ್ ಹಿಡಿದು ವಿಡಿಯೋ ತೆಗೆಯಲು ಹೊರಟರು.

ಆ ವಿಡಿಯೋಗಳನ್ನು ನೀವು ನೋಡಬೇಕು. ಒಂದರಲ್ಲಿ ಹದಿನೈದು ನಿಮಿಷ ಬಸಳೆ ಸೊಪ್ಪು, ಬೇರೇನೂ ಇಲ್ಲ. ಇನ್ನೊಂದರಲ್ಲಿ ಕಾಲು ಭಾಗ ಟೊಮೆಟೊ, ಮುಕ್ಕಾಲು ಭಾಗ ಭಾವನ ಹೆಬ್ಬೆರಳು. ಮೂರಕ್ಕೊಂದು ಪೂರ್ತಿ ಕತ್ತಲೆ. ನಿಲ್ಲಿಸಲು ಮರೆತು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ನಡೆದದ್ದು. ವಿಚಿತ್ರವೆಂದರೆ ಆ ಕತ್ತಲೆಯವೇ ಅಕ್ಕನಿಗೆ ಅತಿ ಇಷ್ಟ. ಕಣ್ಣು ಮುಚ್ಚಿ ಕೇಳುತ್ತ ಅವಳೇ ವಿವರಣೆ ಕೊಡುತ್ತಾಳೆ. “ಇದು ಸ್ಟೇಷನ್ನಿನ ಬ್ರಿಡ್ಜ್. ಮೆಟ್ಟಿಲು ಹತ್ತುತ್ತಾ ಇದ್ದಾರೆ. ಈಗ ನಿಂತ್ರು, ಮೊಣಕಾಲು ನೋವು. ಇದು ಹಿಟ್ಟಿನ ಗಿರಣಿ. ಓ, ಈಗ ಕಬ್ಬಿನ ಹಾಲಿನವನ ಹತ್ತಿರ. ಏನ್ರೀ, ಶುಗರ್ ಉಂಟು ಕುಡೀಬೇಡಿ ಅಂತ ಹೇಳಿದ್ದೆನಲ್ಲ?” ಕತ್ತಲೆಯಲ್ಲೂ ಭಾವ ಸಿಕ್ಕಿಬೀಳುತ್ತಿದ್ದರು.

ಕ್ರಮೇಣ ಫೋನಿನ ಹೊಟ್ಟೆ ತುಂಬಿತು. ಕಾಲೇಜಿನಲ್ಲಿ ಓದುವ ನನ್ನ ಮೊಮ್ಮಗಳು ವಿಡಿಯೋಗಳನ್ನೆಲ್ಲ ಒಂದು ಪೆನ್ ಡ್ರೈವಿಗೆ ಹಾಕಿಕೊಟ್ಟಳು. ಆದರೆ ಅಕ್ಕನ ಟ್ಯಾಬ್ಲೆಟ್ಟಿಗೆ ಪೆನ್ ಡ್ರೈವ್ ಚುಚ್ಚುವ ತೂತೇ ಇಲ್ಲ. ಆ ತೂತು ಇದ್ದದ್ದು ಭಾವನ ವೈಫೈ ಯಂತ್ರಕ್ಕೆ. ಅಂಗೈಯಗಲದ್ದು, ಸಿಮ್ ಹಾಕುವಂಥದ್ದು, ಒಳಗೆ ಬ್ಯಾಟರಿ ಇರುವುದರಿಂದ ಜೇಬಿನಲ್ಲಿ ಒಯ್ಯುವಂಥದ್ದು. ಅದಕ್ಕೆ ಪೆನ್ ಡ್ರೈವ್ ಚುಚ್ಚಿ, ಸೆಟ್ಟಿಂಗಿನಲ್ಲಿ ಶೇರಿಂಗ್ ಎಂಬುದನ್ನು ಒತ್ತಿದರೆ ತಂತಿಯಿಲ್ಲದೆಯೇ ಟ್ಯಾಬ್ಲೆಟ್ಟಿನಲ್ಲಿ ಎಲ್ಲ ಕಾಣುತ್ತದೆ. ಫೋನಿನಿಂದ ಹೊಸ ವಿಡಿಯೋವನ್ನು ಅದಕ್ಕೆ ಕಳಿಸಲೂಬಹುದು. ಕಳಿಸಿದ್ದನ್ನು ಭಾವ ಆ ದಿನವೇ ಫೋನಿನಿಂದ ಅಳಿಸಿಬಿಡುತ್ತಿದ್ದರು, ಅದರ ಹೊಟ್ಟೆ ಮತ್ತೆ ತುಂಬಬಾರದಲ್ಲ.

ಮೊದಲ ದಿನವೇ ಏನೂ ಕಾಣಲಿಲ್ಲ. ಮೊಮ್ಮಗಳು ಇಳಿದು ಬಂದಳು.

“ದೊಡ್ಡಜ್ಜ, ವೈಫೈ ಕಿಧರ್ ಹೈ?”

“ಡಬ್ಬಿಯಲ್ಲಿ ಉಂಟು.”

“ಸ್ಟೀಲ್ ಡಬ್ಬಿ? ಸಿಗ್ನಲ್ ಹೇಗೆ ಬರೋದು? ಓಪನ್ ಇಡ್ಬೇಕು.”

“ಓಪನ್ ಇಟ್ಟರೆ ಜಿರಳೆ ಹೋಗ್ತದೆ.”

“ಜಿರಳೆ ವೈಫೈ ನಹೀ ಖಾತಾ, ದೊಡ್ಡಜ್ಜ.”

“ನೀನು ಹೋಟೆಲಿನ ಜಿರಳೆ ನೋಡಿಲ್ಲ ಮಗಾ.”

ಕೊನೆಗೆ ಒಪ್ಪಂದವಾಯಿತು. ಸ್ಟೀಲ್ ಡಬ್ಬಿಯ ಬದಲು ಬೆತ್ತದ ಬುಟ್ಟಿ, ಕೋಳಿಯ ಮೇಲೆ ಕವುಚಿದ ಹಾಗೆ. ಬೆತ್ತದ ಸಂದಿಯಿಂದ ವೈಫೈ ಹೊರಗೆ ಬರತೊಡಗಿತು.

ಮುಂದಿನ ತಿಂಗಳು ರೀಚಾರ್ಜ್ ಮುಗಿಯಿತು. ಬ್ಯಾಲೆನ್ಸ್ ಇಲ್ಲದೆ ಪೆನ್ ಡ್ರೈವ್ ನಡೆಯುವುದಿಲ್ಲವೆಂದು ಭಾವ ಅದನ್ನು ತೆಗೆದು ದೇವರ ಗೂಡಿನಲ್ಲಿ ವಿಶ್ರಾಂತಿಗೆ ಇಟ್ಟರು. ಇದು ಮನೆಯೊಳಗಿನ ವ್ಯವಹಾರ, ಇದಕ್ಕೆ ಹೊರಗಿನ ಇಂಟರ್ನೆಟ್ ಬೇಡವೇ ಬೇಡ ಎಂದು ಮೊಮ್ಮಗಳು ಅರ್ಧ ಗಂಟೆ ಮೂರು ಭಾಷೆಯಲ್ಲಿ ವಿವರಿಸಿದಳು. ಭಾವ ಕೊನೆಗೆ ತಲೆಯಾಡಿಸಿದರು. “ಅಂಗಡಿ ಬಂದ್ ಆದರೂ ನಮ್ಮ ಉಗ್ರಾಣದಲ್ಲಿ ಅಕ್ಕಿ ಉಂಟು. ಅಷ್ಟೇ ಅಲ್ವಾ? ಅದನ್ನು ಮೊದಲೇ ಹೇಳ್ಲಿಕ್ಕೆ ನಿನಗೆಂತ?” ಇದಕ್ಕಿಂತ ಚೆನ್ನಾಗಿ ಯಾವ ಇಂಜಿನಿಯರನೂ ಹೇಳಲಾರ ಎಂದು ಈಗ ನನಗೆ ಅನ್ನಿಸುತ್ತದೆ. ಆಗ ಮಾತ್ರ ಬಿದ್ದು ಬಿದ್ದು ನಕ್ಕಿದ್ದೆ.

ಇನ್ನು ನನ್ನ ಸರದಿ.

ಅಕ್ಕನ ಕೋಣೆಗೆ ನಾನು ಹೋಗುತ್ತಿದ್ದದ್ದು ಕಡಿಮೆ. ಬಾಗಿಲಲ್ಲೇ ನಿಂತು “ಹೇಗಿದ್ದೀ” ಎನ್ನುವುದು, ಅವಳು “ಹೀಗೇ” ಎಂದರೆ ಮೇಲೆ ಹತ್ತುವುದು. ಮಂಚ ಹಿಡಿದ ಅಕ್ಕನನ್ನು ನೋಡಲಾಗುವುದಿಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡಿದ್ದೆ. ಎರಡು ವರ್ಷ, ಹದಿನೆಂಟು ಮೆಟ್ಟಿಲಿನ ದೂರದಲ್ಲಿ.

ಒಂದು ಬೆಳಿಗ್ಗೆ ಇಡೀ ಬಿಲ್ಡಿಂಗಿನ ಕರೆಂಟ್ ಹೋಗಿತ್ತು. ಎಲ್ಲೋ ಹೊರದೇಶದಲ್ಲಿ ಕ್ರಿಕೆಟ್ ಮ್ಯಾಚ್ ಕೊನೆಯ ಘಟ್ಟದಲ್ಲಿತ್ತು. ನನ್ನ ಫೋನಿನಲ್ಲಿ ಎರಡು ಪರ್ಸೆಂಟ್ ಚಾರ್ಜ್. ಭಾವನ ವೈಫೈ ಯಂತ್ರದ ಬ್ಯಾಟರಿಯಿಂದ ಫೋನೂ ಚಾರ್ಜ್ ಆಗುತ್ತದೆ ಎಂದು ಮೊಮ್ಮಗಳು ಹೇಳಿದ್ದು ನೆನಪಾಯಿತು. ಪೆನ್ ಡ್ರೈವನ್ನು ಮೊದಲು ಸೆಟ್ಟಿಂಗಿನಲ್ಲಿ ಬಿಡಿಸಿಯೇ ಕೀಳಬೇಕು ಎಂದೂ ಅವಳು ಹೇಳಿದ್ದಳು. ಅದು ನೆನಪಾಗಲಿಲ್ಲ.

ಕೆಳಗಿಳಿದೆ. ಆಗಷ್ಟೇ ಮಾರ್ಕೆಟ್ಟಿನಿಂದ ಬಂದ ಭಾವ, ಅಂದಿನ ವಿಡಿಯೋವನ್ನು ಪೆನ್ ಡ್ರೈವಿಗೆ ಹೋಗಲು ಬಿಟ್ಟು ಸ್ನಾನಕ್ಕೆ ಹೋಗಿದ್ದರು. ಅಕ್ಕನ ಮಂಚದ ಬಳಿ ಬುಟ್ಟಿ. ಅದರೊಳಗೆ ಪಿಳಿಪಿಳಿ ದೀಪ. ಅಕ್ಕ ಕಣ್ಣು ಮುಚ್ಚಿದ್ದಳು. ನಾನು ಬುಟ್ಟಿ ಎತ್ತಿ, ಪೆನ್ ಡ್ರೈವನ್ನು ಹಲ್ಲು ಕಿತ್ತ ಹಾಗೆ ಕಿತ್ತು, ನನ್ನ ಫೋನಿನ ವಯರ್ ಚುಚ್ಚಿದೆ. ಹತ್ತು ನಿಮಿಷದ ಬಳಿಕ ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟು ಮೇಲೆ ಹೋದೆ.

ಸಂಜೆ ಟ್ಯಾಬ್ಲೆಟ್ಟಿನಲ್ಲಿ ಏನೂ ಇರಲಿಲ್ಲ. ಬಸಳೆ ಇಲ್ಲ, ಟೊಮೆಟೊ ಇಲ್ಲ, ಹೆಬ್ಬೆರಳೂ ಇಲ್ಲ. ಎರಡು ವರ್ಷದ ಮುಲುಂಡ್ ಖಾಲಿ.

“ಅಜೀರ್ಣ” ಎಂದರು ಭಾವ. “ಇವತ್ತು ಹಲಸಿನ ಗಾಡಿಯದ್ದು ಉದ್ದದ ವಿಡಿಯೋ ಹಾಕಿದೆ. ಅದಕ್ಕೆ ತಡೆಯಲಿಲ್ಲ. ತಪ್ಪು ನನ್ನದೇ.”

ಆ ಕ್ಷಣದಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ. ಬಿಟ್ಟು ಏನು ಹೇಳಿದೆ ಗೊತ್ತೇ? “ಹೌದು ಭಾವ, ಹಲಸು ಸ್ವಲ್ಪ ಜಡವೇ.”

ಮೊಮ್ಮಗಳು ಪರೀಕ್ಷೆಗೆಂದು ಪುಣೆಯಲ್ಲಿದ್ದಳು. ಮೂರು ವಾರ ಅವಳಿಗೆ ಫೋನ್ ಮಾಡಕೂಡದೆಂದು ಸೊಸೆಯ ಅಪ್ಪಣೆ. ಹಾಗಾಗಿ ರಿಪೇರಿಯ ಭಾರ ನಮ್ಮಿಬ್ಬರ ಮೇಲೆ ಬಿತ್ತು. ಇಬ್ಬರಲ್ಲಿ ಒಬ್ಬನಿಗೆ ರೋಗದ ಕಾರಣ ಗೊತ್ತಿತ್ತು. ಅವನೇ ಹೆಚ್ಚು ಹೆಚ್ಚು ಔಷಧ ಸೂಚಿಸುತ್ತಿದ್ದ.

ಮೊದಲು ಟೆರೆಸಿಗೆ ಹೋದೆವು. ಎತ್ತರದಲ್ಲಿ ಶೇರಿಂಗ್ ಚೆನ್ನಾಗಿ ಆಗುತ್ತದೆ ಎಂದದ್ದು ನಾನೇ. ಭಾವನ ಕೈಯಲ್ಲಿ ಬುಟ್ಟಿ, ನನ್ನ ಕೈಯಲ್ಲಿ ಟ್ಯಾಬ್ಲೆಟ್. ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಮೆಟ್ಟಿಲಲ್ಲಿ ತಡೆದರು.

“ಕಾಕಾ, ಟೆರೆಸ್ ಪೆ ಕ್ಯಾ ಕರ್ ರಹೇ ಹೋ?”

“ಪೆನ್ ಡ್ರೈವ್ ಕೋ ಹವಾ ದಿಖಾ ರಹೇ ಹೈಂ” ಎಂದರು ಭಾವ ಗಂಭೀರವಾಗಿ. ಸೆಕ್ರೆಟರಿ ಸರಿದು ದಾರಿ ಬಿಟ್ಟರು. ಹವೆ ತೋರಿಸಿದರೂ ಪೆನ್ ಡ್ರೈವ್ ಏಳಲಿಲ್ಲ.

ಅಲ್ಲಿಂದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಬಾಂದ್ರಾದ ಒಬ್ಬ ರಿಪೇರಿಯವನ ಬಳಿ ಹೋದೆವು. “ಪ್ರಾಬ್ಲೆಮ್ ಕ್ಯಾ ಹೈ?” ಎಂದು ಅವನು ಕೇಳಿದ. ಭಾವ ಅಕ್ಕ ಬಚ್ಚಲಲ್ಲಿ ಜಾರಿದಲ್ಲಿಂದ ಆರಂಭಿಸಿದರು. ಮೂಳೆ, ಆಪರೇಶನ್, ಬಸಳೆ ದಾಟಿ ಜಿರಳೆಗೆ ಬರುವಷ್ಟರಲ್ಲಿ ಅವನು ಎರಡು ಫೋನ್ ರಿಪೇರಿ ಮುಗಿಸಿದ್ದ. ಆಮೇಲೆ ಪೆನ್ ಡ್ರೈವನ್ನು ತಿರುಗಿಸಿ ನೋಡಿ ಕೇಳಿದ: “ಚಾಲೂ ಥಾ ತಬ್ ಕಿಸೀನೇ ಖೀಂಚಾ ಕ್ಯಾ?” ನಡೆಯುತ್ತಿರುವಾಗ ಯಾರಾದರೂ ಎಳೆದರೇ?

“ನಹೀ ನಹೀ. ಹಮಾರೇ ಘರ್ ಮೇ ಐಸಾ ಆದ್ಮಿ ಕೋಯಿ ನಹೀ” ಎಂದು ಭಾವ ನನ್ನ ಹೆಗಲ ಮೇಲೆ ಕೈ ಇಟ್ಟರು. ನಮ್ಮ ಮನೆಯಲ್ಲಿ ಅಂಥ ಮನುಷ್ಯ ಯಾರೂ ಇಲ್ಲವಂತೆ. ನಾನು ಅಂಗಡಿಯ ಫ್ಯಾನಿಗೆ ಎಷ್ಟು ರೆಕ್ಕೆ ಎಂದು ಎಣಿಸುತ್ತಿದ್ದೆ.

ಒಂದು ದಿನ ಬಿಟ್ಟುಹೋಗಿ, ಪ್ರಯತ್ನಿಸುತ್ತೇನೆ ಎಂದ ಅವನು. ಭಾವ ಒಪ್ಪಲಿಲ್ಲ. ನಮ್ಮ ಪಾತ್ರೆಯನ್ನು ಇನ್ನೊಬ್ಬರ ಅಡುಗೆಮನೆಯಲ್ಲಿ ಬಿಟ್ಟು ಬಂದರೆ ತಳ ಹಿಡಿದೇ ವಾಪಸು ಬರುತ್ತದಂತೆ.

ಮತ್ತೊಂದು ದಿನ ಫೋರ್ಟಿಗೆ ಹೋದೆವು. ಫುಟ್‌ಪಾತಿನಲ್ಲಿ ವಯರ್ ಮಾರುವವನು, ಇದನ್ನು ಬಿಸಾಡಿ ಹೊಸದು ತೆಗೆದುಕೊಳ್ಳಿ ಎಂದ. “ಒಗ್ಗರಣೆ ಕರಟಿತು ಅಂತ ಸಾಂಬಾರು ಚೆಲ್ತಾರಾ?” ಎಂದು ಭಾವ ಅವನನ್ನು ಕನ್ನಡದಲ್ಲೇ ಗದರಿಸಿ, ನಮ್ಮ ಹಳೆಯ ಹೋಟೆಲ್ ಇದ್ದ ಗಲ್ಲಿಗೆ ನನ್ನನ್ನು ಎಳೆದುಕೊಂಡು ಹೋದರು. ಅಲ್ಲಿ ಈಗ ಕನ್ನಡಕದ ಅಂಗಡಿ. ಭಾವ ಒಳಗೆ ಹೋಗಿ, ಕನ್ನಡಕಗಳ ಗಾಜಿನ ಕಪಾಟಿಗೆ ಬಾಗಿಲಿದೆಯೇ ಎಂದು ಪರೀಕ್ಷಿಸಿ ಬಂದರು.

ಮನೆಗೆ ಬಂದ ಕೂಡಲೇ ಅಕ್ಕನಿಗೆ ವರದಿ ಕೊಡಬೇಕು. ಭಾವ ಮಂಚದ ಆ ಕಡೆ, ನಾನು ಈ ಕಡೆ.

“ಬಾಂದ್ರಾದಲ್ಲಿ ಇಳಿದ ಕೂಡಲೇ—”

“ನೀವೆಲ್ಲಿ ಇಳಿದದ್ದು ಭಾವ? ಜನ ಇಳಿಸಿದ್ದು.”

“ನೀನು ದಾದರಿನಲ್ಲಿ ಲೇಡೀಸ್ ಡಬ್ಬಕ್ಕೆ ಹತ್ತಲಿಕ್ಕೆ ಹೋದದ್ದು ಹೇಳ್ಲಾ?”

“ಒಬ್ಬೊಬ್ಬರೇ ಹೇಳಿ ಮಾರಾಯರೆ” ಎನ್ನುತ್ತಿದ್ದಳು ಅಕ್ಕ. “ದಾದರಿನ ಬ್ರಿಡ್ಜಿನ ಕೆಳಗೆ ಹೂವಿನವರು ಈಗಲೂ ಉಂಟಾ? ಅಬ್ಬಲಿಗೆ ಇತ್ತಾ?” ನಾವು ಇಬ್ಬರೂ ಅಬ್ಬಲಿಗೆ ನೋಡಿರಲಿಲ್ಲ. ಮರುದಿನ ಅದನ್ನು ನೋಡಲೆಂದೇ ರಿಪೇರಿಯ ನೆಪದಲ್ಲಿ ಮತ್ತೆ ದಾದರಿಗೆ ಹೋದೆವು.

ಎರಡನೆಯ ವಾರದ ಕೊನೆಗೆ ನನಗೆ ತಡೆಯಲಾಗಲಿಲ್ಲ. ಭಾವ ಸ್ನಾನಕ್ಕೆ ಹೋದಾಗ ಅಕ್ಕನ ಮಂಚದ ಬಳಿ ಕುಳಿತೆ.

“ಅಕ್ಕ, ಆ ಪೆನ್ ಡ್ರೈವ್ ಹಾಳು ಮಾಡಿದ್ದು ನಾನು.”

“ಗೊತ್ತುಂಟು. ನೀನು ಕಿತ್ತದ್ದು ನಾನು ನೋಡಿದ್ದೆ.”

“ನೀನು ನಿದ್ದೆಯಲ್ಲಿ ಇದ್ದೆಯಲ್ಲ?”

“ನೀನು ಬಂದಾಗ ಕಣ್ಣು ಮುಚ್ಚುತ್ತೇನೆ. ಮಾತಾಡಬೇಕಲ್ಲ ಅಂತ ನಿನಗೆ ಕಷ್ಟ ಆಗ್ತದೆ.”

ನಾನು ಅವಳ ಹೊದಿಕೆಯ ಅಂಚನ್ನು ಸರಿಪಡಿಸಿದೆ. “ಮತ್ತೆ ಭಾವನಿಗೆ ಯಾಕೆ ಹೇಳಲಿಲ್ಲ?” ಎಂದೆ.

“ಹೇಳಿದರೆ ರಿಪೇರಿ ಮುಗಿದು ಹೋಗ್ತದಲ್ಲ, ತಮ್ಮ” ಎಂದಳು. “ನೀನೂ ಹೇಳಬೇಡ. ಹುಡುಗಿ ಬರುವವರೆಗೆ ನಡೀಲಿ.”

ಹುಡುಗಿ ಬಂದಳು. ಪೆನ್ ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ಏನೋ ಓಡಿಸಿದಳು. ಮೂರು ವಾರ, ಒಂದು ಟೆರೆಸು, ಮೂರು ಸ್ಟೇಷನ್ನು ಮಾಡಲಾಗದ ಕೆಲಸ ಹತ್ತು ನಿಮಿಷದಲ್ಲಿ ಆಯಿತು! ಬಸಳೆ ಬಂತು, ಹೆಬ್ಬೆರಳು ಬಂತು, ಕತ್ತಲೆಗಳೆಲ್ಲ ಒಂದೂ ಬಿಡದೆ ಬಂದವು. ಬಾರದೆ ಹೋದದ್ದು ಒಂದೇ, ಆ ದಿನದ ಹಲಸಿನ ಗಾಡಿ.

“ಅಜ್ಜ, ಕಾಪಿ ಆಗೋವಾಗ ಯಾರೋ ತೆಗ್ದಿದ್ದಾರೆ” ಎಂದಳು ಅವಳು. ಇನ್ನೂ ಸುಮ್ಮನಿರಲು ನನ್ನಿಂದಾಗಲಿಲ್ಲ. ಕರೆಂಟ್ ಹೋದದ್ದು, ಎರಡು ಪರ್ಸೆಂಟ್, ಮ್ಯಾಚ್, ಎಲ್ಲವನ್ನೂ ಭಾವನ ಮುಂದೆ ನಿಂತು ಹೇಳಿದೆ. ಬಾಂದ್ರಾದಲ್ಲಿ ಫ್ಯಾನಿನ ರೆಕ್ಕೆ ಎಣಿಸಿದ್ದನ್ನೂ ಹೇಳಿದೆ.

ಭಾವ ಬುಟ್ಟಿಯನ್ನು ಎತ್ತಿ ಯಂತ್ರದ ಮೇಲೆ ಇನ್ನೊಮ್ಮೆ ಸರಿಯಾಗಿ ಕವುಚಿದರು. ಆಮೇಲೆ ಕೇಳಿದರು: “ಆ ದಿನ ಮ್ಯಾಚ್ ಗೆದ್ದರಾ?”

“ಸೋತರು ಭಾವ.”

“ಛೆ. ಹಾಗಾದರೆ ಎರಡೂ ಹೋಯ್ತು” ಎಂದರು. ಅಷ್ಟೇ ವಿಚಾರಣೆ.

ಮರುದಿನ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದರು. ಚಪ್ಪಲಿ ಹಾಕಿಯೇ ನಿಂತಿದ್ದರು. “ನಡಿ, ಹಲಸಿನ ಗಾಡಿ ಇನ್ನೊಮ್ಮೆ ತೆಗೀಬೇಕು. ಹಾಳು ಮಾಡಿದವನೇ ತೆಗೀಲಿ.”

ಹಲಸನ್ನು ನಾನೇ ತೆಗೆದೆ. ಹೆಬ್ಬೆರಳು ಬಾರದ ಹಾಗೆ ಬಹಳ ಎಚ್ಚರದಿಂದ ತೆಗೆದೆ. ಆ ಎಚ್ಚರದಲ್ಲಿ ನಿಲ್ಲಿಸುವುದನ್ನು ಮರೆತು ಫೋನನ್ನು ಜೇಬಿಗೆ ಹಾಕಿಕೊಂಡೆ!

ಮಧ್ಯಾಹ್ನ ಅಕ್ಕನ ಟ್ಯಾಬ್ಲೆಟ್ಟಿನಲ್ಲಿ ಒಂದು ನಿಮಿಷ ಹಲಸು ಕಂಡಿತು. ಆಮೇಲೆ ಕತ್ತಲೆ. ಅಕ್ಕ ಅಭ್ಯಾಸದಂತೆ ಕಣ್ಣು ಮುಚ್ಚಿದಳು. “ಇದು ಗಿರಣಿ. ಇದು ಬ್ರಿಡ್ಜ್. ಈಗ ನಿಂತ್ರು, ಮೊಣಕಾಲು ನೋವು.” ಟ್ಯಾಬ್ಲೆಟ್ಟನ್ನು ಕಿವಿಯ ಹತ್ತಿರಕ್ಕೆ ಎಳೆದುಕೊಂಡು ಅಂದಳು: “ಇದರಲ್ಲಿ ಇಬ್ಬರು ನಡೀತಾ ಇದ್ದಾರೆ. ಒಬ್ಬರದ್ದು ಎಡಗಾಲಿನ ಚಪ್ಪಲಿ ಎಳೀತದೆ. ಶಾಲೆಗೆ ನನ್ನ ಹಿಂದೆ ಬರುವಾಗಲೂ ಅದು ಹೀಗೆಯೇ ಎಳೀತಿತ್ತು.”

ಕತ್ತಲೆಯ ಪರದೆಯನ್ನು ಎಷ್ಟು ಹೊತ್ತು ನೋಡುವುದೆಂದು ನಾನು ನಿಲ್ಲಿಸಲು ಬೆರಳು ಚಾಚಿದೆ. ಅಕ್ಕ ಕಣ್ಣು ತೆರೆಯದೆಯೇ ನನ್ನ ಕೈ ಹಿಡಿದುಕೊಂಡಳು.

“ಇರಲಿ” ಎಂದಳು. “ನೀವಿಬ್ಬರೂ ಇನ್ನೂ ಮನೆ ಮುಟ್ಟಲಿಲ್ಲ.”