ಅತ್ತೆ ಬೇಯಿಸಿದ ಹಂದಿ ತೊಡೆ

ನಮ್ಮ ಅತ್ತೆ ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳಿದವರಲ್ಲ. ಒಂದೇ ಒಂದು ಸಾರಿ ಕೇಳಿದರು, ಅದೂ ಮೊಬೈಲಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದ ಒಬ್ಬ ಬಿಳಿ ಹೆಂಗಸಿನ ಮಾತನ್ನು. ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ಅತ್ತೆಗೆ ಅರ್ಥವಾಗಲಿಲ್ಲ. ಬಹುಶಃ ಅದಕ್ಕೇ ಕೇಳಿದರೋ ಏನೋ!

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಕೆ.ಆರ್. ಪೇಟೆ ಕಡೆ ನಮ್ಮಜ್ಜನ ಬೆಲ್ಲದ ಆಲೆಮನೆಯ ಹೊಗೆಯಲ್ಲಿ ಬೆಳೆದು, ಪಾಂಡವಪುರದ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದವರು. ಅಡುಗೆ ವಿಷಯದಲ್ಲಿ ಅವರಿಗೆ ಇಡೀ ಮಂಡ್ಯ ಜಿಲ್ಲೆಯೇ ಸ್ವಂತ ಅಡುಗೆಮನೆ. ನಾಗಮಂಗಲದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಪಂಕ್ತಿಯಲ್ಲಿ ಕೂತ ಅತ್ತೆ ಸಾರನ್ನು ನಾಲಿಗೆಗೆ ಮುಟ್ಟಿಸಿ ಹಾಗೇ ಎದ್ದರು. ಕೈ ತೊಳೆಯಲು ಹೋದರೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನೋಡಿದರೆ ಸೆರಗು ಸಿಕ್ಕಿಸಿಕೊಂಡು ಭಟ್ಟರ ಕೈಯಿಂದ ಸೌಟು ಕಿತ್ತುಕೊಂಡು ನಿಂತಿದ್ದಾರೆ! ಎರಡನೇ ಪಂಕ್ತಿಯವರು ಸಾರನ್ನು ಸುರಿದು ಸುರಿದು ಉಂಡರು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಈಯಮ್ಮ ಎಣ್ಣಿನ್ ಕಡೆಯೋರೋ ಗಂಡಿನ್ ಕಡೆಯೋರೋ?" ಅಂತ ನನ್ನನ್ನು ವಿಚಾರಿಸಿದರು. ಆಗಲೇ ನನಗೂ ಅನುಮಾನ ಬಂದು ಹೊರಗೆ ಹೋಗಿ ಬೋರ್ಡು ಓದಿದೆ. ನಾವು ಎರಡು ಕಡೆಯವರೂ ಅಲ್ಲ. ನಾವು ಹೋಗಬೇಕಿದ್ದ ಮದುವೆ ಪಕ್ಕದ ಛತ್ರದಲ್ಲಿತ್ತು.

ಇಂಥ ಅತ್ತೆಗೂ ಒಂದು ಗಡಿ ಇತ್ತು. ಹಂದಿ. ಕುರಿ, ಕೋಳಿ, ಕೆರೆ ಮೀನು, ಗದ್ದೆ ಏಡಿ ಎಲ್ಲಕ್ಕೂ ಸೈ, ಹಂದಿ ಮಾತ್ರ ಹೊಸಿಲು ದಾಟುವಂತಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಕಟ್ಟಳೆ. ಗಂಡಸರು ಗದ್ದೆಯ ಪಂಪ್‌ಹೌಸಿನಲ್ಲಿ ಬೇರೆ ಪಾತ್ರೆ ಇಟ್ಟುಕೊಂಡು ಬೇಯಿಸಿ ತಿಂದು ಬರುತ್ತಾರೆ, ಹೆಂಗಸರು ಮೂಗು ಮುಚ್ಚಿಕೊಂಡು ಬಾಗಿಲು ತೆಗೆಯುತ್ತಾರೆ. ಆದರೆ ಅತ್ತೆಯ ಕಾನೂನು ಇನ್ನೂ ನಾಲ್ಕು ಹೆಜ್ಜೆ ಮುಂದೆ. ಮಾವ ಹಂದಿ ತಿಂದ ದಿನ ಕೊಟ್ಟಿಗೆ ಹತ್ತಿರವೇ ಸೀಗೆಪುಡಿ ಹಾಕಿ ತಿಕ್ಕಿ ಸ್ನಾನ ಮಾಡಬೇಕು, ಜಗಲಿಯಲ್ಲೇ ಮಲಗಬೇಕು. ಅಷ್ಟೇ ಅಲ್ಲ, "ಆ ಬಾಯಲ್ಲಿ ನನ್ನ ಕೂಗ್ಬೇಡಿ" ಅಂತ ಆಜ್ಞೆ. ಪಾಪ ಮಾವ, ಕುಡಿಯಲು ನೀರು ಬೇಕಾದರೆ ಜಗಲಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಕೇಳಿದ ಬೀದಿಯವರು, "ಇವತ್ತು ಗೌಡ್ರುದು ಜೋರಾಗೇ ನಡದದೆ" ಅಂತ ನಗುತ್ತಿದ್ದರು.

ಆ ಚಪ್ಪಾಳೆ ಹೋದ ಮಳೆಗಾಲದಲ್ಲಿ ನಿಂತುಹೋಯಿತು. ಮಾವನಿಗೆ ಬಿಡದ ಜ್ವರ ಹಿಡಿದು ಮೈಸೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಜ್ವರ ಬಿಟ್ಟಿತು, ಮನೆಗೆ ಬಂದರು, ಆದರೆ ನಾಲಿಗೆಯ ರುಚಿ ಮಾತ್ರ ವಾಪಸ್ಸು ಬರಲಿಲ್ಲ. ಮುದ್ದೆ ಮುರಿದು ಬಾಯಿಗಿಡುವುದು, ತಟ್ಟೆ ದೂಡುವುದು. "ಮಣ್ ತಿಂದಂಗಾಯ್ತದೆ ಕಣಮ್ಮಿ, ಬುಟ್ಬುಡು." ಅತ್ತೆ ಕಾಲು ಸೂಪು ಮಾಡಿದರು, ನಾಟಿಕೋಳಿ ಕೊಯ್ಯಿಸಿದರು, ಉಪ್ಪುಸಾರಿಗೆ ಖಾರ ಅರೆದರು. ಯಾವುದಕ್ಕೂ ಎರಡು ತುತ್ತಿಗಿಂತ ಮೇಲಿಲ್ಲ. ಹೆಗಲ ಮೇಲೆ ಗೊಬ್ಬರದ ಮೂಟೆ ಹೊತ್ತು ಬದು ದಾಟುತ್ತಿದ್ದ ಆಳು, ಅಂಗಿಯೊಳಗೆ ಎಲ್ಲಿದ್ದಾರೆ ಅಂತ ಹುಡುಕಬೇಕು, ಹಾಗಾಗಿಬಿಟ್ಟರು. ಡಾಕ್ಟರು, "ರುಚಿ ನಿಧಾನಕ್ಕೆ ಬರುತ್ತೆ. ಅಲ್ಲಿವರೆಗೂ ಏನು ಬೇಕಾದರೂ ತಿನ್ನಲಿ, ಒಟ್ಟಿನಲ್ಲಿ ತಿನ್ನಬೇಕು" ಅಂದುಬಿಟ್ಟಿದ್ದರು.

ಅಷ್ಟರಲ್ಲಿ ಯುಗಾದಿ ಹತ್ತಿರ ಬಂತು. ಯುಗಾದಿಯ ಮಾರನೇ ದಿನ ನಮಗೆ ಹೊಸತೊಡಕು. ಹಬ್ಬದ ದಿನ ಒಬ್ಬಟ್ಟು ತಿಂದ ಬಾಯಿಗೆ ಅವತ್ತು ಬಾಡೂಟ. ಆ ದಿನ ಏನಾಗುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಅನ್ನುವುದು ನಮ್ಮವರ ನಂಬಿಕೆ. ಅವತ್ತು ಜಗಳ ಆಡಿದರೆ ವರ್ಷವೆಲ್ಲ ಜಗಳ, ಅವತ್ತು ಹೊಟ್ಟೆ ತುಂಬ ಉಂಡರೆ ವರ್ಷವೆಲ್ಲ ಊಟ. ಅತ್ತೆಗೆ ಹಿಡಿದಿದ್ದ ಭಯ ಇದೊಂದೇ. "ಅವತ್ತೂ ತಟ್ಟೆ ದೂಡ್ಬುಟ್ರೆ ಏನ್ ಮಾಡ್ಲಾ ಮಗ?" ಅಂತ ನನ್ನನ್ನು ಕೇಳಿದಾಗ ಅವರ ದನಿ ಅವರದಾಗಿರಲಿಲ್ಲ.

ನಾನು ಶ್ರೀರಂಗಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ಭಾನುವಾರ ಮಾವನನ್ನು ನೋಡಿ ಬರಲು ಹೋಗುತ್ತಿದ್ದೆ. ಹಾಗೆ ಹೋದಾಗ ಹೊತ್ತು ಕಳೆಯಲಿ ಅಂತ ಮಂಚದ ಮೇಲೆ ಕೂತು ಮೊಬೈಲಿನಲ್ಲಿ ಏನೇನೋ ತೋರಿಸುತ್ತಿದ್ದೆ. ಒಬ್ಬ ಬಿಳಿ ಹೆಂಗಸು ಯಾವುದೋ ಹಬ್ಬಕ್ಕೆ ಇಡೀ ಹಂದಿ ತೊಡೆಯನ್ನು ಬೇಯಿಸುವ ವಿಡಿಯೊ ಬಂತು. ತೊಡೆಯ ಮೇಲೆ ಚೌಕ ಚೌಕ ಗೆರೆ ಹಾಕಿ, ಒಂದೊಂದು ಚೌಕಕ್ಕೂ ಒಂದೊಂದು ಲವಂಗ ಚುಚ್ಚಿ, ಸಕ್ಕರೆ ಪಾಕ ಬಳಿದು, ಒಲೆಯೊಳಗಿಟ್ಟು ತೆಗೆದರೆ ತೊಡೆ ಮಿರಮಿರ ಮಿಂಚುತ್ತಿದೆ. ಸುತ್ತ ಅನಾನಸಿನ ಬಿಲ್ಲೆ ಬೇರೆ. "ಅದ್ಯಾಕ್ಲಾ ಅದ್ಕೆ ಬಳೆ ತೊಡುಸ್ತಾವ್ಳೆ?" ಅಂದರು ಹಿಂದಿನಿಂದ ಇಣುಕಿದ ಅತ್ತೆ. ಮಾವ ಮಾತ್ರ ಕಣ್ಣು ಕೀಳಲಿಲ್ಲ. "ಎಷ್ಟ್ ಚೆಂದಾಗ್ ಒಳೀತದ್ಲಾ" ಅಂದು ಎಂಜಲು ನುಂಗಿದರು. ತಿಂಗಳುಗಟ್ಟಲೆ ಕಾಣದಿದ್ದ ಆ ನುಂಗುವಿಕೆಯನ್ನು ಅತ್ತೆ ನೋಡಿಬಿಟ್ಟರು. "ಇನ್ನೊಂದ್ಸಾರಿ ಆಕು ಅದ್ನ" ಅಂತ ನನ್ನ ಪಕ್ಕ ಕೂತರು. ಅವತ್ತು ಸಂಜೆಯವರೆಗೂ ಹಾಕಿಸಿ ಹಾಕಿಸಿ ನನ್ನ ಬ್ಯಾಟರಿ ಮುಗಿಸಿದರು.

ಹೊಸತೊಡಕಿನ ಬೆಳಿಗ್ಗೆ ನಾವಿಬ್ಬರೂ ನನ್ನ ಸ್ಕೂಟರಿನಲ್ಲಿ ಪಾಂಡವಪುರದ ಹೊರಗಿನ ಹಂದಿ ಮಾಂಸದ ಅಂಗಡಿಗೆ ಹೋದೆವು. ಗಂಡಸರೇ ಕಿಕ್ಕಿರಿದ ಆ ಸಾಲಿನಲ್ಲಿ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನುಗ್ಗಿದಾಗ ಜನ ತಾವಾಗಿ ದಾರಿ ಬಿಟ್ಟರು.

"ಈ ಅಂದಿ ಏನ್ ತಿಂದ್ಕಂಡಿತ್ತಪ್ಪ?"

"ಬೂಸ, ಓಟ್ಲು ಅನ್ನ ಕಣವ್ವ" ಅಂದ ಅಂಗಡಿಯವನು.

"ಯಾವ್ ಓಟ್ಲು?"

ಅವನು ಕತ್ತಿ ಕೆಳಗಿಟ್ಟು ಅತ್ತೆಯನ್ನು ದಿಟ್ಟಿಸಿದ. ಆಮೇಲೆ ಹೋಟೆಲಿನ ಹೆಸರು ಹೇಳಿದ. "ಅಲ್ಲಿ ಸಾಂಬಾರಿಗೆ ಹುಳಿ ಜಾಸ್ತಿ, ಪರವಾಗಿಲ್ಲ, ಕೊಡು" ಅಂದರು ಅತ್ತೆ. ಇಡೀ ತೊಡೆಯನ್ನು ಕೊಚ್ಚದೆ ಕೊಡು ಅಂದಾಗ ಅವನು ಎರಡೆರಡು ಸಾರಿ ಕೇಳಿ ಖಾತ್ರಿ ಮಾಡಿಕೊಂಡ.

ತೊಡೆಯನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ನನ್ನ ಕಾಲ ಹತ್ತಿರ ನಿಲ್ಲಿಸಿಕೊಂಡು ಹೊರಟೆವು. ಊರ ಬಾಗಿಲಲ್ಲೇ ಪಕ್ಕದ ಮನೆಯ ನಿಂಗಮ್ಮ ಅಡ್ಡ ಬಂದರು. ಬುಡ ದಪ್ಪ, ತುದಿ ಸಣ್ಣ, ಉದ್ದಕ್ಕೆ ಚಾಚಿಕೊಂಡಿದ್ದ ಗಂಟನ್ನು ನೋಡಿ, "ಅದೇನಕ್ಕ?" ಅಂದರು.

"ವೀಣೆ" ಅಂದರು ಅತ್ತೆ, ಕಣ್ಣು ಮಿಟುಕಿಸದೆ.

"ನಿಮ್ಮನೇಲಿ ಯಾರ್ ಬಾರಿಸ್ತಾರೆ?"

"ನಮ್ಮನೆಯೋರು. ಉಸಾರಾದ್ಮೇಲೆ ಬಾರಿಸ್ತಾರೆ."

ಅಡುಗೆ ಹಿತ್ತಿಲಿನಲ್ಲಿ, ಹೊಂಗೆ ಮರದ ಕೆಳಗೆ. ಮಾವನ ಮಂಚವನ್ನೂ ಅಲ್ಲಿಗೇ ತಂದು ಹಾಕಿದ್ದೆವು. ಅತ್ತೆ ಮುಖಕ್ಕೆ ಟವೆಲ್ಲು ಬಿಗಿದುಕೊಂಡು, ಕೈಯಲ್ಲಿ ಒಂದು ಹುಣಿಸೆ ಬರಲುಕಡ್ಡಿ ಹಿಡಿದು ಮಾರು ದೂರ ನಿಂತರು. ಮುಟ್ಟುವ ಕೆಲಸ ನನ್ನದು, ತೋರಿಸುವ ಕೆಲಸ ಅವರದು. ಉಪ್ಪು, ಅರಿಶಿನ, ಶುಂಠಿ, ಬೆಳ್ಳುಳ್ಳಿ, ಮೆಣಸು ಹಾಕಿ ದೊಡ್ಡ ಕೊಳಗದಲ್ಲಿ ಮೆತ್ತಗೆ ಬೇಯಿಸಿದ್ದಾಯಿತು. ಮೇಲೆತ್ತಿ ಗೆರೆ ಹಾಕುವಾಗ, "ನೆಟ್ಟಗ್ ಎಳೀಲಾ, ಕಬ್ಬಿನ್ ಸಾಲ್ ಎಳ್ದಂಗಿರ್ಬೇಕು." ಲವಂಗ ಚುಚ್ಚುವಾಗ, "ಅಷ್ಟ್ ಒತ್ತಾಗಿ ನಾಟಿ ಮಾಡ್ಬೇಡ, ಪೈರು ಮ್ಯಾಕೇಳಕಿಲ್ಲ." ಮಂಚದ ಮೇಲಿನಿಂದ ಮಾವ ಸಣ್ಣಗೆ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಅಂತ ಆಮೇಲೆ ಗೊತ್ತಾಯಿತು. ಆ ಬಿಳಿ ಹೆಂಗಸಿನ ಹಾಗೆ ನಮ್ಮಲ್ಲಿ ಓವನ್ನು ಎಲ್ಲಿಂದ ಬರಬೇಕು? ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ತೊಡೆ ಇಟ್ಟು, ಮೇಲೆ ತಗಡು ಮುಚ್ಚಿ, ಕೆಳಗೂ ಕೆಂಡ ಮೇಲೂ ಕೆಂಡ ಹರಡಿದೆವು. ಚರ್ಮ ಕೆಂಪಗೆ ಹುರಿದುಕೊಂಡಿತು. ಇಷ್ಟೆಲ್ಲ ಆದರೂ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸದೆ, ದೂರದಿಂದ ವಾಸನೆ ಹಿಡಿದೇ ಹದ ಹೇಳಿದರು ನಮ್ಮತ್ತೆ. ಹೊಟ್ಟೆಕಿಚ್ಚು ಪಡುವವರು ಪಡಲಿ, ಇಂಥ ಹೆಂಗಸು ನಮ್ಮ ವಂಶದಲ್ಲೇ ಹುಟ್ಟಿದ್ದು!

ಪಾಕ ಮಾತ್ರ ತಾವೇ ಮಾಡುತ್ತೇನೆ ಅಂದರು. ಬೆಲ್ಲಕ್ಕೇನು ಮೈಲಿಗೆ? ಆಲೆಮನೆಯ ಮಗಳು ಸೌಟು ಹಿಡಿದು ಕೂತರೆ ಕೇಳಬೇಕೆ. ಅಚ್ಚು ಬೆಲ್ಲ ಕರಗಿಸಿ, ಕುದಿಸಿ, ತೊಟ್ಟು ತೊಟ್ಟಾಗಿ ನೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆ ಕಟ್ಟಿ ನೋಡಿ, ಇನ್ನೂ ಕುದಿಸಿ, ನುರಿತ ಕೈಯಿಂದ ತಿರುವಿದರು. ಅವರ ಕಣ್ಣು ಎಲ್ಲೋ ಹೋಗಿತ್ತು, ಕೈ ತನ್ನ ಪಾಡಿಗೆ ಆಡುತ್ತಿತ್ತು. "ಅದ ಬಂತು" ಅಂದವರೇ ಇಡೀ ಪಾಕವನ್ನು ತೊಡೆಯ ಮೇಲೆ ಸುರಿದರು. ಆಹಾ, ಅದೇನು ಹೊಳಪು! ಮಾವ ಎದ್ದು ಕೂತರು. ಮುದ್ದೆ ತರಲು ಅತ್ತೆ ಒಳಗೆ ಓಡಿದರು, ನಾನು ಎಲೆ ಕುಯ್ಯಲು ಹೋದೆ.

ವಾಪಸ್ಸು ಬಂದು ಚಾಕು ಇಟ್ಟೆ. ಚಾಕು ಜಾರಿತು. ಒತ್ತಿದೆ. ತುದಿ ಮುರಿಯಿತು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ, ಬಾಗಿಲು ತಟ್ಟಿದ ಸದ್ದು! ಆಗ ಅರ್ಥವಾಯಿತು. ಅತ್ತೆ ಬಳಿಯುವ ಪಾಕ ಮಾಡಿರಲಿಲ್ಲ, ಅಚ್ಚಿಗೆ ಹೊಯ್ಯುವ ಪಾಕ ಮಾಡಿದ್ದರು. ಹುಟ್ಟಿದ ಮನೆಯ ಅಭ್ಯಾಸ, ಕೈ ಅಲ್ಲಿಗೇ ಹೋಗಿ ನಿಂತಿತ್ತು. ಹಂದಿ ತೊಡೆ ಗಟ್ಟಿ ಬೆಲ್ಲದ ಅಚ್ಚಿನೊಳಗೆ ಸೆರೆಯಾಗಿತ್ತು.

"ಅಯ್ಯೋ ನನ್ ಕೈ ಸೇದೋಗ" ಅಂತ ಅತ್ತೆ ಹಣೆ ಚಚ್ಚಿಕೊಂಡರು. ಮಾವ ಒಂದು ಸಾರಿ ತೊಡೆ ನೋಡಿದರು, ಒಂದು ಸಾರಿ ಅತ್ತೆಯನ್ನು ನೋಡಿದರು. "ಇದ್ನ ಬೇಕಾದ್ರೆ ಮಂಡ್ಯ ಬೆಲ್ಲುದ್ ಮಾರ್ಕೆಟ್ಗೆ ಆಕ್ಬೋದು ಕಣಮ್ಮಿ" ಅಂದು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಕೊಟ್ಟಿಗೆಯಿಂದ ಗುಂಡುಕಲ್ಲು ತಂದು ಒಂದೇ ಏಟು ಕೊಟ್ಟರು. ಚಿಪ್ಪು ಒಡೆದು ಒಳಗಿನಿಂದ ಬಿಸಿ ಹಬೆ ಎದ್ದಿತು. ಮಾಂಸ ಬೆರಳಿಗೇ ಬಿಟ್ಟುಕೊಂಡು ಬರುತ್ತಿತ್ತು. ಬೆಲ್ಲದ ಚೂರಿನ ಸಮೇತ ಒಂದು ತುಂಡನ್ನು ಮಾವನ ಎಲೆಗೆ ಹಾಕಿದೆ.

ಮಾವ ಬಾಯಿಗಿಟ್ಟರು. ಅಗಿದರು. ಅತ್ತೆ ಒಂದು ಹೆಜ್ಜೆ ಹತ್ತಿರ ಬಂದು, "ಎಂಗದೆ?" ಅಂದರು.

ಮಾವ ಇನ್ನೊಂದು ಸಾರಿ ಅಗಿದು ನುಂಗಿದರು. "ಸುಳ್ಳ್ ಯಾಕೆ ಏಳ್ಲಿ ಕಣಮ್ಮಿ. ಏನೂ ಗೊತ್ತಾಯ್ತಿಲ್ಲ" ಅಂದು, ಎಲೆಯ ಅಂಚನ್ನು ಮೆಲ್ಲಗೆ ದೂಡಿದರು.

ವಾದ ಮಾಡೋಣ ಅಂದರೆ ರುಚಿ ಅತ್ತೆಗೂ ಗೊತ್ತಿಲ್ಲವಲ್ಲ. ಮುಖದ ಟವೆಲ್ಲು ಬಿಚ್ಚಿ ಎಸೆದು, ಮಂಚದ ಮೇಲೆ ಮಾವನ ಪಕ್ಕ ಕೂತು, ಅದೇ ಎಲೆಯಿಂದ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡರು.

"ಲೇ, ನೀನ್ ತಿನ್ನಕಿಲ್ವಲ್ಲೇ" ಅಂದರು ಮಾವ ಗಾಬರಿಯಿಂದ.

ಅತ್ತೆ ಕೈಯೆತ್ತಿ ಸುಮ್ಮನಿರಿಸಿದರು. ಕಣ್ಣು ಮುಚ್ಚಿ, ನಿಧಾನವಾಗಿ ಅಗಿದು ನುಂಗಿದರು.

"ಮೊದ್ಲು ಬೆಲ್ಲ ಬತ್ತದೆ. ವಸಿ ಸೀದದೆ, ಅದೇ ಚೆಂದಾಗದೆ. ಆಮ್ಯಾಕೆ ಉಪ್ಪು. ಉಪ್ಪು ಇನ್ನೊಂಚೂರ್ ಬೇಕಿತ್ತು. ಮೆಣ್ಸು ತಡವಾಗ್ ಬತ್ತದೆ, ಗಂಟ್ಲಲ್ಲಿ. ಕೊಬ್ಬು ಬೆಣ್ಣೆ ಕರ್ಗ್ದಂಗ್ ಕರ್ಗೋಯ್ತದೆ. ಈಗ್ ತಿನ್ನಿ, ನಾನ್ ಏಳ್ತೀನಿ."

ಮಾವ ಇನ್ನೊಂದು ತುಂಡು ಬಾಯಿಗಿಟ್ಟುಕೊಂಡು ಅತ್ತೆಯ ಮುಖ ನೋಡಿದರು.

"ಬೆಲ್ಲ ಬಂತು" ಅಂದರು ಅತ್ತೆ. ಮಾವ ಅಗಿದರು. "ಈಗ ಉಪ್ಪು." ಮಾವ ತಲೆದೂಗಿದರು. "ತಡೀರಿ, ನುಂಗ್ಬೇಡಿ, ಮೆಣ್ಸು ಇನ್ನೂ ಬಂದಿಲ್ಲ."

ಮಾವ ಮೆಣಸು ಬರುವ ತನಕ ಕಾದರು. ಆಮೇಲೆ ನುಂಗಿ, ಮುದ್ದೆಯನ್ನು ಎಲೆಯ ಮಧ್ಯಕ್ಕೆ ಎಳೆದುಕೊಂಡು, "ನೀನ್ ಏಳ್ತಾ ಇರು" ಅಂದರು. ಮದುವೆಯಾದಾಗಿನಿಂದ ಗಂಡ ಉಂಡು ಎದ್ದ ಮೇಲೆಯೇ ಉಂಡಿದ್ದ ನಮ್ಮತ್ತೆ ಅವತ್ತು ಅದೇ ಎಲೆಯಿಂದ ಪ್ರತಿ ತುತ್ತನ್ನೂ ಮೊದಲು ತಾವು ತಿನ್ನುತ್ತಾ, ಹೇಳುತ್ತಾ ಹೋದರು. ಮಾವ ಕೇಳುತ್ತಾ ಉಂಡರು. ಮುದ್ದೆ ಪೂರಾ ಮುಗಿಯಿತು.