ಇಪ್ಪತ್ತು ಕಂಪ್ಯೂಟರ್, ಒಂದು ತಪ್ಪೊಪ್ಪಿಗೆ ಪತ್ರ

ಶಿಸ್ತು ಇದ್ದಲ್ಲಿ ನಗೆಪಾಟಲಿಗೆ ಜಾಗವಿಲ್ಲ ಎಂದು ಜನ ಭಾವಿಸುತ್ತಾರೆ. ಧಾರವಾಡದ ಒಂದು ಮಹಿಳಾ ಕಾಲೇಜಿನಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ ನನ್ನ ಅನುಭವ ಬೇರೆ. ನಗೆಪಾಟಲು ಹುಡುಕಿಕೊಂಡು ಬರುವುದೇ ಶಿಸ್ತು ಇದ್ದಲ್ಲಿಗೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿದ್ದ ಹತ್ತು ವರ್ಷದಲ್ಲಿ ಒಂದು ಸಲವೂ ನನ್ನ ಮೇಲೆ ದೂರಿನ ಚೀಟಿ ಮನೆಗೆ ಹೋಗಿಲ್ಲ. ಸಿಸ್ಟರುಗಳಿಂದ ಕಲಿತದ್ದನ್ನೇ ನನ್ನ ಪ್ರಯೋಗಾಲಯದಲ್ಲೂ ನಡೆಸಿಕೊಂಡು ಬಂದಿದ್ದೇನೆ. ಅಪ್ಪಣೆಯಿಲ್ಲದೆ ಏನನ್ನೂ ಮುಟ್ಟಬಾರದು. ತಪ್ಪು ಮಾಡಿದವರು, ಯಾರೇ ಆಗಿರಲಿ, ತಪ್ಪೊಪ್ಪಿಗೆ ಪತ್ರ ಬರೆದು, ತಂದೆಯ ಅಥವಾ ತಾಯಿಯ ಸಹಿ ಹಾಕಿಸಿ ತರಬೇಕು. ಹಾಳೆಯ ಎಡಗಡೆ ಒಂದು ಇಂಚು ಜಾಗ ಬಿಡಬೇಕು.

ಈ ವರ್ಷ ನಮ್ಮ ಹಳೆಯ ತಂತ್ರಾಂಶದ ಪರವಾನಗಿ ಮುಗಿಯಿತು. ಇಪ್ಪತ್ತು ಕಂಪ್ಯೂಟರಿಗೂ ಅವುಗಳನ್ನು ನಡೆಸುವ ಮೂಲ ತಂತ್ರಾಂಶವಾಗಿ ಲಿನಕ್ಸ್ ಹಾಕಿಸಿದ್ದಾಯಿತು. ಅದರ ಮೇಲೆ 'ಆರ್' ಎಂಬ ಒಂದಕ್ಷರದ ಹೆಸರಿನ, ಉಚಿತವಾಗಿ ಸಿಗುವ ಸಂಖ್ಯಾಶಾಸ್ತ್ರದ ತಂತ್ರಾಂಶವನ್ನು ನಾವೇ ಹಾಕಿಕೊಳ್ಳಬೇಕಿತ್ತು. ಮುಂದಿನ ಸೋಮವಾರ ಪ್ರಾಯೋಗಿಕ ಪರೀಕ್ಷೆ.

"ಆಗದಿದ್ರ ಈಗ ಹೇಳಿಬಿಡ್ರಿ ಮೇಡಂ. ಹುಡುಗ್ಯಾರನ್ನ ಬಸ್ಸಿನ್ಯಾಗ ಹುಬ್ಬಳ್ಳಿ ಕಾಲೇಜಿಗೆ ಕಳಸೋಣು," ಎಂದರು ಪ್ರಾಚಾರ್ಯರು.

ನನ್ನ ವಿದ್ಯಾರ್ಥಿನಿಯರು ಇನ್ನೊಬ್ಬರ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಕೂರುವುದೇ? "ಪರೀಕ್ಷೆ ಇಲ್ಲೇ ನಡೆಯುತ್ತದೆ," ಎಂದೆ. ನಮ್ಮಲ್ಲಿ ಯಾರೂ ಲಿನಕ್ಸನ್ನು ಮುಟ್ಟಿದವರಲ್ಲ ಎಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

೧. ಕಾಣದ ಪಾಸ್‌ವರ್ಡ್

ಲಿನಕ್ಸಿನಲ್ಲಿ ಹೊಸದೇನಾದರೂ ಹಾಕಬೇಕೆಂದರೆ ಅದಕ್ಕೆ ಅಧಿಕಾರ ಇರುವವರ ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು. ಪಾಸ್‌ವರ್ಡ್ ಕೊಡಬೇಕು. ಈ ಏರ್ಪಾಟು ನನಗೆ ಬಹಳ ಹಿಡಿಸಿತು. ನನ್ನ ಹೆಸರು, ಪ್ರಯೋಗಾಲಯದ ಸಹಾಯಕರ ಹೆಸರು, ಇಪ್ಪತ್ತು ವಿದ್ಯಾರ್ಥಿನಿಯರ ಹೆಸರು ಎಲ್ಲವನ್ನೂ ಪಟ್ಟಿಗೆ ಸೇರಿಸಿದೆ.

ಮಂಗಳವಾರ ಬೆಳಿಗ್ಗೆ ನೋಡಿದರೆ ಸಹಾಯಕರು ನಾಲ್ಕು ಕೀಬೋರ್ಡುಗಳನ್ನು ಕಿತ್ತು ಮೇಜಿನ ಮೇಲೆ ಬೋರಲು ಹಾಕಿ, ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದರು.

"ಎಲ್ಲಾ ಕೆಟ್ಟಾವ್ರಿ ಮೇಡಂ. ಪಾಸ್‌ವರ್ಡ್ ಹೊಡದ್ರ ಒಂದ ಅಕ್ಷರನೂ ಮೂಡವಲ್ದರಿ."

"ಮೂಡುವುದಿಲ್ಲ. ಬೇರೆಯವರ ಕಣ್ಣಿಗೆ ಬೀಳಬಾರದೆಂದು ಅದು ತೋರಿಸುವುದಿಲ್ಲ."

"ಬ್ಯಾರೇದವ್ರಿಗೆ ಕಾಣಬಾರದು, ಖರೇ. ಹೊಡ್ಯಾಂವ ನಾನ ಅದೇನಲ್ರಿ! ನನಗೂ ಕಾಣಬಾರದಾ?"

"ನಿಮಗೂ ಕಾಣಬಾರದು," ಎಂದೆ.

ಅವರು ಹಿರಿಯರ ಮಾತಿಗೆ ಬೆಲೆ ಕೊಡುವವರು. ಅಂದಿನಿಂದ ಪಾಸ್‌ವರ್ಡ್ ಒತ್ತುವಾಗೆಲ್ಲ ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತಾರೆ.

೨. ಮುಂದುವರಿಯಲೇ?

ಬುಧವಾರ ಕೆಲಸ ಶುರುವಾಯಿತು. ಹತ್ತೂವರೆಗೆ ಎಲ್ಲರಿಗೂ ಆದೇಶದ ಸಾಲುಗಳನ್ನು ಬೋರ್ಡಿನ ಮೇಲೆ ಬರೆದುಕೊಟ್ಟು ನಾನು ಸಿಬ್ಬಂದಿ ಸಭೆಗೆ ಹೋದೆ. ಪ್ರಾಚಾರ್ಯರ ಸಭೆಗಳು ಬೇಗ ಮುಗಿಯುವಂಥವಲ್ಲ. ಹನ್ನೆರಡಕ್ಕೆ ಮರಳಿದಾಗ ಉಳಿದವರ ಕಂಪ್ಯೂಟರುಗಳು ಹೇಗೋ ಕೆಲಸ ನಡೆಸಿದ್ದವು. ಹೆಬ್ಬಳ್ಳಿಯಿಂದ ಬರುವ ಹುಡುಗಿ ಮಾತ್ರ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತೆರೆಯನ್ನೇ ನೋಡುತ್ತ ಕೂತಿದ್ದಳು. ತೆರೆಯ ಮೇಲೆ ಒಂದು ಪ್ರಶ್ನೆ ನಿಂತಿತ್ತು: ಮುಂದುವರಿಯಲೇ? ಹೌದೋ, ಅಲ್ಲವೋ?

"ಎಷ್ಟು ಹೊತ್ತಿನಿಂದ ಹೀಗಿದೆ?"

"ನೀವು ಹೋದ ಮ್ಯಾಲೆ ಹತ್ತ ನಿಮಿಷಕ್ಕ ಕೇಳ್ತರಿ ಮೇಡಂ."

"ಹೌದು ಎನ್ನಬಾರದಿತ್ತೇ?"

"ಅಪ್ಪಣಿ ಇಲ್ದ ಒತ್ತಬಾರದು ಅಂದಿದ್ರೆಲ್ರಿ."

ಅವಳ ಮೇಲೆ ಸಿಟ್ಟು ಮಾಡಲು ನನಗೆ ಕಾರಣವೇ ಸಿಗಲಿಲ್ಲ. ಉಳಿದ ಹತ್ತೊಂಬತ್ತು ಜನ ಅಪ್ಪಣೆ ಇಲ್ಲದೆ ಒತ್ತಿದವರು ಎಂಬುದು ಆಗಷ್ಟೇ ಹೊಳೆಯಿತು.

"ಇನ್ನು ಮುಂದೆ ಅದು ಏನು ಕೇಳಿದರೂ ಹೌದು ಎನ್ನು. ಇದು ನನ್ನ ಅಪ್ಪಣೆ," ಎಂದೆ.

ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ನನ್ನಿಂದ ಸಹಿ ಹಾಕಿಸಿಕೊಂಡಳು. ಉಳಿದ ಹತ್ತೊಂಬತ್ತು ಜನರ ತಪ್ಪೊಪ್ಪಿಗೆ ಪತ್ರಗಳು ಮರುದಿನ ಬಂದವು.

೩. ಬೋರ್ಡು

ಆರ್‌ಗೆ ಸೇರಿಸಿಕೊಳ್ಳುವ ಪ್ಯಾಕೇಜುಗಳೆಂಬ ಬಿಡಿಭಾಗಗಳಿವೆ. ಲಿನಕ್ಸಿನಲ್ಲಿ ಅವು ಸಿದ್ಧವಾಗಿ ಬರುವುದಿಲ್ಲ. ಅಲ್ಲೇ ಕೂತು ತಯಾರಾಗುತ್ತವೆ. ತಯಾರಾಗುವಾಗ ತೆರೆಯ ಮೇಲೆ ಅರ್ಥವಾಗದ ಸಾಲುಗಳು ಓಡುತ್ತಲೇ ಇರುತ್ತವೆ. ಶುಕ್ರವಾರ ಸಂಜೆ ಐದಕ್ಕೆ ಹದಿನಾಲ್ಕು ಕಂಪ್ಯೂಟರುಗಳಲ್ಲಿ ಆ ಓಟ ನಡೆದಿತ್ತು. ಬೆಳಗಾಗುವಷ್ಟರಲ್ಲಿ ಮುಗಿದಿರುತ್ತದೆಂದು ನಾನು ನೆಮ್ಮದಿಯಿಂದ ಮನೆಗೆ ಹೊರಟೆ.

ಶನಿವಾರ ಬೆಳಿಗ್ಗೆ ಬಂದರೆ ಹದಿನಾಲ್ಕೂ ಸತ್ತು ಬಿದ್ದಿದ್ದವು. ಮೇನ್ ಸ್ವಿಚ್ ಕೆಳಗಿತ್ತು.

"ಯಾರು ಆರಿಸಿದ್ದು?"

"ನಾನರಿ," ಎಂದರು ಸಹಾಯಕರು, ಹೆಮ್ಮೆಯಿಂದಲೇ.

"ಕೆಲಸ ನಡೆದಿದೆ ಎಂದು ಕಾಣಲಿಲ್ಲವೇ?"

"ಕಾಣಸ್ತರಿ. ಏನೇನೋ ಓಡಾಕತ್ತಿತ್ತರಿ. ಆದ್ರ ಬೋರ್ಡ್ ಐತೆಲ್ರಿ."

ಬಾಗಿಲ ಮೇಲೆ ಬೋರ್ಡಿತ್ತು. ಕಡೆಯಲ್ಲಿ ಹೊರಡುವವರು ಯಾವ ನೆಪವನ್ನೂ ಹೇಳದೆ ಮೇನ್ ಸ್ವಿಚ್ ಆರಿಸತಕ್ಕದ್ದು ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು. ಅಕ್ಷರ ನನ್ನದೇ.

"ಹದಿನೆಂಟ ವರ್ಷ ಆತರಿ ಈ ಬೋರ್ಡಿಗೆ. ಒಂದ ದಿನ ತಪ್ಪಸಿಲ್ಲರಿ ನಾ," ಎಂದರು.

ನಾನು ಅವರಿಗೆ ಧನ್ಯವಾದ ಹೇಳಿದೆ.

೪. ಮೇಲಿನವರು

ಇನ್ನು ಯಾರೂ ಕೈಯಾಡಿಸುವುದು ಬೇಡ, ಉಳಿದದ್ದನ್ನು ನಾನೇ ಮುಗಿಸುತ್ತೇನೆ ಎಂದುಕೊಂಡು ವಿದ್ಯಾರ್ಥಿನಿಯರ ಹೆಸರುಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿದೆ. ಹೆಬ್ಬಳ್ಳಿಯ ಹುಡುಗಿಗೆ ಇದು ಗೊತ್ತಿರಲಿಲ್ಲ. ಒಂಬತ್ತೂವರೆಗೆ ಬಂದು ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಲು ಹೋದಳು. ಆಗ ಲಿನಕ್ಸ್ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿತು. ಇವರ ಹೆಸರು ಪಟ್ಟಿಯಲ್ಲಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.

ಹುಡುಗಿ ಸದ್ದಿಲ್ಲದೆ ಎದ್ದು ಹೋದವಳು ಮಧ್ಯಾಹ್ನ ತಂದೆಯನ್ನು ಕರೆದುಕೊಂಡು ಬಂದಳು. ಆತ ಹೊಲದಿಂದ ನೇರವಾಗಿ ಬಂದಿದ್ದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ತಪ್ಪೊಪ್ಪಿಗೆ ಪತ್ರ.

"ನಮಸ್ಕಾರರಿ ಅಕ್ಕಾರ. ಕಂಪ್ಯೂಟರ್ ನಮ್ಮ ಹುಡುಗಿ ಮ್ಯಾಲೆ ವರದಿ ಕೊಟ್ಟೈತೆಂತರಿ. ಯಾರಿಗೆ ಕೊಟ್ಟೈತರಿ? ಪೊಲೀಸರಿಗಾ?"

"ಅಲ್ಲ. ಅದರ ಉಸ್ತುವಾರಿ ಯಾರದ್ದೋ ಅವರಿಗೆ. ಅಂದರೆ ನನಗೆ."

"ಹಂಗಾರ ನಿಮಗ ಮುಟ್ಟೇತ್ರಿ?"

ನಾನು ನಿಜವನ್ನೇ ಹೇಳಿದೆ. ಮುಟ್ಟಿರಲಿಲ್ಲ.

ಆತ ಟವೆಲಿನಿಂದ ಮುಖ ಒರೆಸಿಕೊಂಡರು. "ಅಂದ್ರ ನಿಮಗಿಂತ ಮ್ಯಾಲಿನವರಿಗೆ ಹೋಗೇತ್ರಿ. ನಿಮ್ಮ ಮ್ಯಾಲೂ ಒಬ್ಬರು ಅದಾರಂದ್ರ ಭಾಳ ಸಮಾಧಾನ ಆತ್ರಿ. ಮನ್ಯಾಗ ಈಕಿ ಹೇಳೂದ ಕೇಳಿ, ಯಾರೂ ಇಲ್ಲಂತ ತಿಳಿದಿದ್ದೆ."

ಪತ್ರವನ್ನು ತೆಗೆದುಕೊಂಡೆ. ತಪ್ಪು ಅವಳದಲ್ಲವಾದರೂ ಪತ್ರ ಪತ್ರವೇ. ಎಡಗಡೆ ಸರಿಯಾಗಿ ಒಂದು ಇಂಚು ಬಿಟ್ಟಿದ್ದಳು.

೫. ಪರೀಕ್ಷೆ

ಶನಿವಾರ ಸಂಜೆಯೊಳಗೆ ಇಪ್ಪತ್ತೂ ಸಿದ್ಧವಾದವು. ಪರೀಕ್ಷೆಯ ದಿನ ಯಾರೂ ಚೇಷ್ಟೆ ಮಾಡಬಾರದೆಂದು, ಹೊರಡುವ ಮುನ್ನ ಒಂದೊಂದೇ ಕಂಪ್ಯೂಟರಿಗೆ ಹೋಗಿ ಪಟ್ಟಿಯಲ್ಲಿ ಉಳಿದಿದ್ದ ಹೆಸರುಗಳನ್ನೂ ತೆಗೆದೆ. ಪಟ್ಟಿ ಪೂರ್ತಿ ಖಾಲಿಯಾಯಿತು. ಅಷ್ಟು ಸ್ವಚ್ಛವಾದ ಪಟ್ಟಿಯನ್ನು ನೋಡಿ ಸಂತೋಷವಾಯಿತು.

ಸೋಮವಾರ ಹುಬ್ಬಳ್ಳಿಯಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿ ಪ್ರಶ್ನೆಪತ್ರಿಕೆ ನೋಡಿದರು, ಒಂದೆರಡು ಕಂಪ್ಯೂಟರುಗಳಲ್ಲಿ ಹುಡುಕಿದರು. "ಮೂರನೇ ಪ್ರಶ್ನೆಗೆ ನಕ್ಷೆ ಬಿಡಿಸೋ ಪ್ಯಾಕೇಜ್ ಬೇಕಲ್ರಿ ಮೇಡಂ. ಇವುಗಳಾಗ ಇಲ್ಲ."

"ಒಂದು ನಿಮಿಷ," ಎಂದು ನಾನು ನನ್ನ ಹೆಸರಿನಲ್ಲೇ ಒಳಹೋಗಿ, ಇಪ್ಪತ್ತು ಹುಡುಗಿಯರ ಎದುರು ಕೂತು ಆದೇಶ ಕೊಟ್ಟೆ. ಪಾಸ್‌ವರ್ಡ್ ಒತ್ತಿದೆ. ಸಹಾಯಕರು ಕಿಟಕಿಯ ಕಡೆ ತಿರುಗಿದರು.

ಇವರ ಹೆಸರು ಪಟ್ಟಿಯಲ್ಲಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.

ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡು ಬಂದಿದ್ದೇನೆಂದು ನನಗೆ ಆಗ ತಿಳಿಯಿತು. ಪರೀಕ್ಷಕರು ಗಡಿಯಾರ ನೋಡಿದರು. "ಬಸ್ಸಿಗೆ ಹೇಳಬೇಕೇನ್ರಿ?"

ಅಷ್ಟರಲ್ಲಿ ಮೂಲೆಯಿಂದ ಹೆಬ್ಬಳ್ಳಿಯ ಹುಡುಗಿ ಎದ್ದು ನಿಂತಳು. "ಮೇಡಂ, ನನ್ನದರಾಗ ಆಗಾಕತ್ತೇತ್ರಿ."

ಅವಳು ಲಿನಕ್ಸಿನ ಗೊಡವೆಗೆ ಹೋಗದೆ ಆರ್‌ನ ಒಳಗಿನಿಂದಲೇ ಪ್ಯಾಕೇಜು ಕೇಳಿದ್ದಳು. ಎಲ್ಲರಿಗೂ ಸೇರಿದ ಜಾಗದಲ್ಲಿ ಇಡಲು ನಿನಗೆ ಅಧಿಕಾರವಿಲ್ಲ, ನಿನ್ನ ಸ್ವಂತ ಜಾಗದಲ್ಲಿ ಇಡಲೇ ಎಂದು ಅದು ಕೇಳಿತ್ತು. ಇವಳು ಹೌದು ಎಂದಿದ್ದಳು.

"ಯಾರನ್ನು ಕೇಳಿ ಒತ್ತಿದೆ?" ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು.

ಅವಳು ನೋಟ್‌ಬುಕ್ ತೆರೆದು ಬುಧವಾರದ ನನ್ನ ಸಹಿ ತೋರಿಸಿದಳು.

ಅರ್ಧ ಗಂಟೆಯಲ್ಲಿ ಇಪ್ಪತ್ತೂ ಕಂಪ್ಯೂಟರುಗಳಲ್ಲಿ ಕೆಲಸ ಮುಗಿಯಿತು. ಅಷ್ಟು ಹೊತ್ತೂ ಸಹಾಯಕರು ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದರು. ಪರೀಕ್ಷೆ ನನ್ನ ಪ್ರಯೋಗಾಲಯದಲ್ಲೇ ನಡೆಯಿತು. ಬಸ್ಸು ಬರಲಿಲ್ಲ.

ಎಲ್ಲರೂ ಹೋದ ಮೇಲೆ ಹೆಬ್ಬಳ್ಳಿಯ ಹುಡುಗಿ ಬಾಗಿಲಲ್ಲಿ ನಿಂತಳು. "ಮೇಡಂ, ಒಂದ ಸಂಶಯರಿ. ತಪ್ಪ ಮಾಡಿದವ್ರು ಯಾರೇ ಆಗಿರಲಿ ಪತ್ರ ತರಬೇಕು ಅಂದ್ರ, ಯಾರ್‍ಯಾರರಿ?"

ಅವಳು ವ್ಯಂಗ್ಯ ಮಾಡುತ್ತಿರಲಿಲ್ಲ. ಅವಳಿಗೆ ನಿಯಮ ತಿಳಿಯಬೇಕಿತ್ತು.

"ಎಲ್ಲರೂ," ಎಂದೆ.

ಸಂಜೆ ಗೋಪನಕೊಪ್ಪದ ನಮ್ಮ ಮನೆಯಲ್ಲಿ ಒಂದು ಇಂಚು ಬಿಟ್ಟು ಪತ್ರ ಬರೆದೆ. ಎಂಬತ್ತನಾಲ್ಕು ವರ್ಷದ ನನ್ನ ತಾಯಿ ಸೊಪ್ಪು ಸೋಸುತ್ತ ಕೂತಿದ್ದರು. ಪತ್ರವನ್ನೂ ಪೆನ್ನನ್ನೂ ಮುಂದಿಟ್ಟೆ. ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿ, ಎರಡು ಸಲ ಓದಿದರು.

"ಹತ್ತ ವರ್ಷ ಆ ಸಾಲ್ಯಾಗ ಒಂದ ಚೀಟಿ ತರಲಿಲ್ಲ ನೀನು," ಎಂದರು. "ಓಣ್ಯಾಗೆಲ್ಲಾ ಹೇಳಕೊಂಡ ಅಡ್ಡಾಡಿದ್ದೆ."

ನಾನು ತಲೆ ತಗ್ಗಿಸಿದೆ. ಅವರು ನಿಧಾನವಾಗಿ ಸಹಿ ಮಾಡಿ, ಪೆನ್ನಿನ ಟೊಪ್ಪಿಗೆ ಹಾಕಿ, ಪತ್ರವನ್ನು ನನ್ನ ಕೈಗೆ ಕೊಟ್ಟರು.

"ಈ ಸಲ ಬಿಟ್ಟೇನಿ. ಇನ್ನೊಮ್ಮೆ ಹಿಂಗಾದ್ರ ನಿಮ್ಮ ಟೀಚರನ್ನ ಕಾಣಾಕ ನಾನ ಬರ್ತೇನಿ."