ಬಾಡಿಗೆ ಮನೆಯಲ್ಲಿ ಕಾವಿಗೆ ಕೂತ ಹೇಂಟೆಯವರಲ್ಲಿ ಒಂದು ಅರಿಕೆ

ಗೆ,
ಶ್ರೀಮತಿ ಕೆಂಪು ಹೇಂಟೆಯವರು,
ಅಡುಗೆಮನೆ ಬಾಗಿಲ ಹಿಂದಿನ ಬುಟ್ಟಿ,
ಅಶ್ವತ್ಥಮ್ಮನವರ ಬಾಡಿಗೆ ಮನೆ, ಆಂಡರ್ಸನ್‌ಪೇಟೆ, ಕೆಜಿಎಫ್.

ಮಾನ್ಯರೇ,

ತಮಗೂ ತಮ್ಮ ರೆಕ್ಕೆಯಡಿಯ ಒಂಬತ್ತು ಮೊಟ್ಟೆಗಳಿಗೂ ಬಾಡಿಗೆದಾರಳ ಸಾಷ್ಟಾಂಗ ನಮಸ್ಕಾರಗಳು. ಒಂದೇ ಸೂರಿನಡಿ ಇದ್ದೂ ಬಹಿರಂಗ ಪತ್ರ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಹತ್ತಿರ ಬಂದು ಹೇಳೋಣವೆಂದರೆ ತಾವು ಕುಕ್ಕುತ್ತೀರಿ.

ನಾನು ಈ ಮನೆಗೆ ಬಂದು ಐದು ವರ್ಷವಾಯಿತು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಮುಗಿಯುತ್ತಿತ್ತು, ಅದು ನನಗಾಗಲಿ ಮನೆಯೊಡತಿ ಅಶ್ವತ್ಥಮ್ಮನವರಿಗಾಗಲಿ ನೆನಪೇ ಆಗುತ್ತಿರಲಿಲ್ಲ. ಅವರು ಹೊತ್ತುಗೊತ್ತಿಲ್ಲದೆ ಒಳಗೆ ಬಂದು ನನ್ನ ಸಾರಿಗೆ ಉಪ್ಪು ಹಾಕುತ್ತಿದ್ದರು, ವರ್ಷಕ್ಕೊಮ್ಮೆ ಅಡುಗೆಮನೆ ಬಾಗಿಲ ಹಿಂದೆ ಕೋಳಿಯನ್ನು ಕಾವಿಗೆ ಕೂರಿಸಿ ಹೋಗುತ್ತಿದ್ದರು. ಆ ಗೋಡೆಯ ಆಚೆಗೆ ಅವರ ಬಚ್ಚಲಿನ ಹಂಡೆ ಒಲೆಯಿದೆ. ಅಷ್ಟು ಬೆಚ್ಚನೆಯ ಜಾಗ ಪಕ್ಕದ ಊರಿಗಾಂವರೆಗೆ ಹುಡುಕಿದರೂ ಸಿಗುವುದಿಲ್ಲವಂತೆ.

ಆಮೇಲೆ ಹೊಸ ಬಾಡಿಗೆ ಕಾನೂನು ಬಂತು. ಬಂಗಾರಪೇಟೆಯ ಅಂಗಡಿಯೊಂದರಲ್ಲಿ ಕರಾರುಪತ್ರ ಟೈಪ್ ಮಾಡುವ ಅಶ್ವತ್ಥಮ್ಮನವರ ಮಗ ಸುಧಾಕರ್ ಅದನ್ನು ನಮಗೆ ಓದಿ ಹೇಳಿದರು. ಮಾಲೀಕರು ಒಳಗೆ ಬರಬೇಕಾದರೆ ಒಂದು ದಿನ ಮೊದಲೇ ಬರೆದು ತಿಳಿಸಬೇಕಂತೆ. ಅಂದಿನಿಂದ ಅಶ್ವತ್ಥಮ್ಮನವರು ಹೊಸ್ತಿಲಾಚೆ ನಿಂತು, ಸಾರಿನ ವಾಸನೆ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಾರೆ. ತಮ್ಮನ್ನು ಕೂರಿಸಲು ಸಹ 'ನಾಳೆ ಒಂಬತ್ತು ಮೊಟ್ಟೆ ಸಮೇತ ಬರುತ್ತೇನೆ' ಎಂದು ನೋಟಿಸ್ ಕೊಟ್ಟೇ ಬಂದರು. ತಮಗೆ ನೀರಿಡಲು ದಿನವೂ ನೋಟಿಸ್ ಬರೆದು ಕೈನೋವು ಬಂದ ಮೇಲೆ ಆ ಸೇವೆಯನ್ನು ನನಗೇ ಒಪ್ಪಿಸಿದರು.

ಕಳೆದ ಭಾನುವಾರ ಕರಾರು ಮುಗಿಯಿತು. ಮುಗಿದ ದಿನವೇ ಮನೆ ಪೂರ್ತಿ ಖಾಲಿ ಮಾಡಿ ಕೀಲಿ ಕೊಡಬೇಕೆಂದು ಸುಧಾಕರ್ ಕಾನೂನಿನ ಪ್ರತಿ ಹಿಡಿದು ಬಂದರು. ನನ್ನ ಪಾತ್ರೆಗಳೆಲ್ಲ ಚೀಲ ಸೇರಿದ್ದವು. ನಿಜ ಹೇಳುತ್ತೇನೆ, ಅಳು ಬಂತು. ನಾನು ಕೆಲಸ ಮಾಡುವ ಕಾರ್ಖಾನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂಟಿ ಹೆಂಗಸಿಗೆ ಇನ್ನೊಂದು ಮನೆ ಯಾರು ಕೊಡುತ್ತಾರೆ? ಅಷ್ಟರಲ್ಲಿ ಸುಧಾಕರ್ ಕಣ್ಣು ತಮ್ಮ ಬುಟ್ಟಿಯ ಮೇಲೆ ಬಿತ್ತು. ಎತ್ತಲು ಕೈ ಚಾಚಿದ್ದೇ ತಡ, ಹೊಸ್ತಿಲಾಚೆಯಿಂದ ಅಶ್ವತ್ಥಮ್ಮನವರು "ಕಾವಿಗೆ ಕುಂತಿರೋ ಕೋಳೀನ ಮುಟ್ಬ್ಯಾಡ ಕಣ್ಲಾ! ಮರಿ ಆಗೋಗಂಟ ಯಾರೂ ಎಲ್ಲೂ ಓಗಂಗಿಲ್ಲ!" ಎಂದು ಕೂಗಿದರು. ಕೋಳಿ ಕೂತ ಮನೆ ಖಾಲಿಯಲ್ಲ, ಖಾಲಿಯಲ್ಲದ ಮನೆಯ ಕೀಲಿ ತೆಗೆದುಕೊಳ್ಳುವಂತಿಲ್ಲ. ಸುಧಾಕರ್ ಪುಟಗಳನ್ನು ಹಿಂದೆ ಮುಂದೆ ತಿರುವಿದರು. ತಮ್ಮ ಬಗ್ಗೆ ಒಂದು ಕಲಮೂ ಇರಲಿಲ್ಲ.

ತಿಳಿದವರೆಲ್ಲ ಸೇರಿ ಬರೆದ ಕಾನೂನು ನನಗೆ ಕೊಡದ ರಕ್ಷಣೆಯನ್ನು ತಾವು ಸುಮ್ಮನೆ ಕೂತೇ ಕೊಟ್ಟಿದ್ದೀರಿ. ಆದರೆ ತಾವು ಕೂತು ಇಂದಿಗೆ ಇಪ್ಪತ್ತು ದಿನ. ತಾವು ಎದ್ದ ದಿನ ನಾನೂ ಗಂಟುಮೂಟೆ ಕಟ್ಟಬೇಕು. ಆದಕಾರಣ ದೊಡ್ಡ ಮನಸ್ಸು ಮಾಡಿ, ಈ ಕಾವನ್ನು ಇನ್ನು ಹನ್ನೊಂದು ತಿಂಗಳಿಗೆ ವಿಸ್ತರಿಸಿ, ಆಮೇಲೆ ತಪ್ಪದೆ ನವೀಕರಿಸಬೇಕೆಂದು ಬೇಡಿಕೊಳ್ಳುತ್ತೇನೆ. ಅಕ್ಕಿನುಚ್ಚಿನ ಹೊಣೆ ನನ್ನದು.

ತಮ್ಮ ವಿಶ್ವಾಸಿ, ಸದ್ಯಕ್ಕೆ ತಮ್ಮ ರೆಕ್ಕೆಯಡಿಯ ಹತ್ತನೆಯವಳು,
ಮಧುಶ್ರೀ

ತಾ.ಕ.: ಈಗಷ್ಟೇ ತಮ್ಮ ಬುಟ್ಟಿಯಿಂದ ಚಿಂವ್ ಎಂದು ಕೇಳಿಸಿತು. ಗೋಡೆಯಾಚೆಯ ಸುಧಾಕರ್ ಕಿವಿಗೆ ಬೀಳದಿರಲೆಂದು ಮಿಕ್ಸಿ ಹಾಕಿದ್ದೇನೆ. ಅದರಲ್ಲಿ ರುಬ್ಬುತ್ತಿರುವುದು ಕೋಳಿಸಾರಿನ ಮಸಾಲೆ. ತಾವು ಏಳದಿದ್ದರೆ ಅದನ್ನು ಬದನೆಕಾಯಿಗೂ ಹಾಕಬಹುದು.